ಕಿಥಿರಾ: ಸಿಡ್ನಿಯವರ ಊರಿಗೆ ಹೋಗಿ ಬಂದದ್ದು

ಶುಕ್ರವಾರ, 20 ಸೆಪ್ಟೆಂಬರ್ 2024

ಗ್ರೀಸಿನ ದಕ್ಷಿಣ ತುದಿಯಲ್ಲಿ ನೆಯಾಪೊಲಿ ಅಂತ ಒಂದು ಸಣ್ಣ ಬಂದರು. ಅಥೆನ್ಸಿನಿಂದ ಕಾರಿನಲ್ಲಿ ಬಂದರೆ ಐದು ಗಂಟೆ ಬೇಕು. ಅಲ್ಲಿಂದ 'ಪೋರ್ಫಿರೂಸಾ' ಎಂಬ ಹಡಗು ಕಿಥಿರಾ ದ್ವೀಪಕ್ಕೆ ಹೋಗುತ್ತದೆ. ಕಾರು, ಲಾರಿ, ಮೇಕೆ ತುಂಬಿದ ಪಿಕಪ್, ಜನ, ಎಲ್ಲಾ ಒಂದೇ ಹಡಗಿನಲ್ಲಿ. ಸಮುದ್ರ ದಾಟಲು ಒಂದೂಕಾಲು ಗಂಟೆ ಸಾಕು.

ಡೆಕ್ಕಿನ ಮೇಲೆ ಕೂತವರ ಮಾತು ಕೇಳಿ ನನಗೆ ನಗು ಬಂತು. ಅರ್ಧಕ್ಕರ್ಧ ಜನ ನಮ್ಮ ಸಿಡ್ನಿಯ ಇಂಗ್ಲಿಷ್ ಮಾತಾಡುತ್ತಿದ್ದರು. ಒಬ್ಬರು ಬ್ರಿಸ್ಬೇನಿನವರು, ಇನ್ನೊಬ್ಬರು ನ್ಯೂ ಸೌತ್ ವೇಲ್ಸಿನ ಒಳನಾಡಿನವರು. ಎಲ್ಲರೂ ಹೊರಟಿರುವುದು ಮಂಗಳವಾರದ ಮಿರ್ತಿಡಿಯೋಟಿಸ್ಸಾ ಹಬ್ಬಕ್ಕೆ, ಅಂದರೆ ದ್ವೀಪದ ಮಾತೆ ಮರಿಯಳ ಹಬ್ಬಕ್ಕೆ.

ನನ್ನನ್ನು ಕರೆದುಕೊಂಡು ಬಂದವರು ಸಿಡ್ನಿಯಲ್ಲಿ ನಮ್ಮ ಪಕ್ಕದ ಮನೆಯ ಆಂಟಿ. ಎಂಬತ್ತರ ಹತ್ತಿರದ ವಯಸ್ಸು. ಹುಟ್ಟಿದ್ದು ಈ ದ್ವೀಪದಲ್ಲಿ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಅಮ್ಮನ ಜೊತೆ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಬಂದವರು. ಅಪ್ಪ ಅದಕ್ಕೂ ಮೊದಲೇ ಹೋಗಿ ಒಂದು ಕೆಫೆಯಲ್ಲಿ ಕೆಲಸಕ್ಕೆ ಸೇರಿದ್ದರು. ಸಿಡ್ನಿಯ ಕಿಥಿರಾದವರ ಸಂಘ 1922ರಲ್ಲಿ ಶುರುವಾದದ್ದು. ಆಂಟಿ ಅದರ ಊಟ, ನೃತ್ಯ, ಚಂದಾ ಎತ್ತುವ ಕಾರ್ಯಕ್ರಮ ಯಾವುದನ್ನೂ ತಪ್ಪಿಸಿದವರಲ್ಲ. "ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ನೀನೇ ಬಂದು ನೋಡು ಮಗಳೇ" ಅಂತ ವರ್ಷಗಳಿಂದ ಕರೆಯುತ್ತಿದ್ದರು.

ನನಗೆ ಇದರಲ್ಲಿ ನನ್ನದೇ ಆಸಕ್ತಿಯೂ ಇತ್ತು. ನಮ್ಮದು ಉಡುಪಿ ಕಡೆಯ ಕುಟುಂಬ. ಅಜ್ಜ ಮುಂಬೈಗೆ ಹೋಗಿ ಹೋಟೆಲಿನಲ್ಲಿ ದುಡಿದವರು. ಊರಿನ ಶಾಲೆಗೆ ಒಂದು ಕೋಣೆ, ದೈವಸ್ಥಾನಕ್ಕೆ ಒಂದು ಚಾವಡಿ ಅಂತ ಅಲ್ಲಿಂದಲೇ ದುಡ್ಡು ಕಳಿಸುತ್ತಿದ್ದರು. ಸಮುದ್ರದಾಚೆ ಹೋಟೆಲ್ ನಡೆಸಿ ಊರು ಸಾಕಿದ ಇನ್ನೊಂದು ಸಮುದಾಯ ಇದೆ ಅಂದಾಗ ನೋಡದೆ ಇರುವುದು ಹೇಗೆ?

ಹಡಗು ದಿಯಾಕೊಫ್ತಿಗೆ ಬಂದು ನಿಂತಿತು. ನೀರು ತಿಳಿ ಹಸಿರು. ದಡದ ಹತ್ತಿರ ಮುಳುಗಿದ ಒಂದು ಹಳೇ ಸರಕು ಹಡಗಿನ ತುಕ್ಕು ಹಿಡಿದ ಮೈ ಕಾಣುತ್ತದೆ. ಅಲ್ಲಿಂದ ಬಾಡಿಗೆ ಕಾರಿನಲ್ಲಿ ಏರು ಹತ್ತಿ ಪೋತಮೋಸ್ ಹತ್ತಿರದ ಹಳ್ಳಿಗೆ ಹೋದೆವು. ಆಂಟಿಯ ಅಜ್ಜನ ಮನೆಯಲ್ಲಿ ಅಲ್ಲ, ಒಂದು ಬಾಡಿಗೆ ಕೋಣೆಯಲ್ಲಿ ಇಳಿದುಕೊಂಡೆವು. ಅಜ್ಜನ ಮನೆಗೆ ಬೀಗ ಹಾಕಿದೆ, ಅದರ ವಿಷಯ ಆಮೇಲೆ ಹೇಳುತ್ತೇನೆ ಅಂದರು.

ಶನಿವಾರ

ಬೆಳಿಗ್ಗೆಯಿಂದ ಹಳ್ಳಿಗಳ ಸುತ್ತಾಟ. ಕಿಥಿರಾ ಚಿಕ್ಕ ದ್ವೀಪವೇನಲ್ಲ, ಸುಮಾರು 280 ಚದರ ಕಿಲೋಮೀಟರ್. ಆದರೆ 2021ರ ಜನಗಣತಿಯ ಪ್ರಕಾರ ಇರುವವರು ಸುಮಾರು 3,600 ಜನ. 19ನೇ ಶತಮಾನದಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಇದ್ದರು. ಉಳಿದವರ ಮಕ್ಕಳು, ಮೊಮ್ಮಕ್ಕಳು ಎಲ್ಲಿ ಅಂದರೆ ಆಸ್ಟ್ರೇಲಿಯಾದಲ್ಲಿ. ಅಲ್ಲಿ ಕಿಥಿರಾ ಮೂಲದವರು ಅರುವತ್ತು ಸಾವಿರ ಇರಬಹುದು ಅಂತ ಸಾಮಾನ್ಯವಾಗಿ ಹೇಳುತ್ತಾರೆ.

ಇಲ್ಲಿನ ಎಷ್ಟೋ ಹಳ್ಳಿಗಳಿಗೆ ಮನೆತನದ ಹೆಸರೇ ಇದೆ. ಅರೋನಿಯಾದಿಕಾ, ಕಸ್ತ್ರಿಸಿಯಾನಿಕಾ, ಲೊಗೊಥೆತಿಯಾನಿಕಾ. ಆಂಟಿ ಒಂದೊಂದೇ ಫಲಕ ತೋರಿಸಿ ಹೇಳಿದರು. ಅರೋನಿ ಮನೆಯವರು ಆಸ್ಟ್ರೇಲಿಯಾದ ಬಿಂಗಾರಾ ಊರಿನಲ್ಲಿ ಪಾಲುದಾರರ ಜೊತೆ ಸೇರಿ ರಾಕ್ಸಿ ಅನ್ನುವ ಚಿತ್ರಮಂದಿರವನ್ನೂ ಕೆಫೆಯನ್ನೂ ಕಟ್ಟಿಸಿದರು, ಅದು ತೆರೆದದ್ದು 1936ರಲ್ಲಿ. ಕಸ್ತ್ರಿಸಿಯೋ ಮನೆಯವರು ಅಲ್ಲಿನದೇ ಗುಂಡಗೈ ಊರಿನಲ್ಲಿ ನಯಾಗರಾ ಕೆಫೆ ನಡೆಸಿದರು. 1942ರ ಒಂದು ಚಳಿಯ ರಾತ್ರಿ ಆಗಿನ ಆಸ್ಟ್ರೇಲಿಯಾದ ಪ್ರಧಾನಿ ಜಾನ್ ಕರ್ಟಿನ್ ಹಸಿದು ಬಂದು ಆ ಕೆಫೆಯ ಬಾಗಿಲು ತಟ್ಟಿದ್ದರು ಅನ್ನುವುದು ಆ ಊರಿನಲ್ಲಿ ಈಗಲೂ ಹೇಳುವ ಕತೆ.

ಇದೆಲ್ಲ ಶುರುವಾದದ್ದು ಪೆರ್ಲೆಗಿಯಾನಿಕಾ ಎಂಬ ಪುಟ್ಟ ಹಳ್ಳಿಯ ಒಬ್ಬ ಮನುಷ್ಯನಿಂದ. ಅಥನಾಸಿಯೋ ಕೊಮಿನೋ. 1873ರಲ್ಲಿ ಸಿಡ್ನಿಗೆ ಬಂದರು. ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಮೀನಿನ ಅಂಗಡಿ ಹಾಕಿದರು. ಆಮೇಲೆ ಸಿಂಪಿಯ ವ್ಯಾಪಾರಕ್ಕೆ ಇಳಿದರು. ಸಮುದ್ರದ ಸಿಂಪಿಯನ್ನು ಅಲ್ಲಿನವರು ಹಸಿಯಾಗೇ ತಿನ್ನುತ್ತಾರೆ. ಅದರಲ್ಲಿ ಎಷ್ಟು ಬೆಳೆದರೆಂದರೆ 'ಸಿಂಪಿ ರಾಜ' ಅಂತಲೇ ಹೆಸರಾದರು. ತಮ್ಮನನ್ನು ಕರೆಸಿಕೊಂಡರು, ಊರವರನ್ನು ಕರೆಸಿಕೊಂಡರು. ಬಂದವರು ಕೆಲಸ ಕಲಿತು, ಒಂದಷ್ಟು ದುಡ್ಡು ಕೂಡಿಸಿ, ಒಳನಾಡಿನ ಇನ್ನೊಂದು ಊರಿಗೆ ಹೋಗಿ ತಮ್ಮದೇ ಅಂಗಡಿ ಹಾಕಿದರು. ಅವರು ಮತ್ತೆ ಅಕ್ಕನ ಮಗನನ್ನು, ಭಾವನನ್ನು ಕರೆಸಿದರು. ನ್ಯೂ ಸೌತ್ ವೇಲ್ಸಿನಲ್ಲಿ ಮುಖ್ಯರಸ್ತೆ ಇರುವ ಊರು ಇದ್ದರೆ ಅಲ್ಲೊಂದು ಗ್ರೀಕ್ ಕೆಫೆ ಇರುತ್ತಿತ್ತು. ಅದರಲ್ಲಿ ಬಹಳಷ್ಟು ಕಿಥಿರಾದವರದ್ದು.

ನಮ್ಮ ಉಡುಪಿ ಹೋಟೆಲುಗಳ ಕತೆಯೂ ಹೀಗೇ ಅಲ್ವಾ? ಒಬ್ಬ ಹೋಗಿ ನಿಂತರೆ ಹಿಂದೆ ಇಡೀ ಊರು. ಹದಿಮೂರು ಹದಿನಾಲ್ಕು ವರ್ಷದ ಹುಡುಗರು ಹಗಲು ಲೋಟ ತೊಳೆದು, ರಾತ್ರಿ ಮುಂಬೈನ ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತದ್ದು. ಆದರೆ ಒಂದು ವ್ಯತ್ಯಾಸ ನನ್ನ ಮನಸ್ಸಿಗೆ ತಟ್ಟಿತು. ನಮ್ಮವರು ತಮ್ಮದೇ ಇಡ್ಲಿ, ದೋಸೆ, ಸಾಂಬಾರು ಮಾರಿದರು. ಕಿಥಿರಾದವರಿಗೆ ಆ ಅವಕಾಶ ಇರಲಿಲ್ಲ. ಆಗಿನ ಆಸ್ಟ್ರೇಲಿಯಾದ ಗಿರಾಕಿಗೆ ಬೇಕಾದದ್ದು ಹುರಿದ ಮಾಂಸ, ಮೊಟ್ಟೆ, ಚಿಪ್ಸ್, ಮಿಲ್ಕ್‌ಶೇಕ್. ಇವರು ಅದನ್ನೇ ಮಾಡಿಕೊಟ್ಟರು. ಆಲಿವ್ ಎಣ್ಣೆ, ಬೆಳ್ಳುಳ್ಳಿ ಹಾಕಿದ ತಮ್ಮ ಊಟವನ್ನು ಹಿಂದಿನ ಅಡುಗೆಮನೆಯಲ್ಲಿ ಕೂತು ಉಂಡರು. "ಗಿರಾಕಿಗೆ ವಾಸನೆ ಬರಬಾರದು ಅಂತ ಅಮ್ಮ ಕಿಟಕಿ ತೆರೆದಿಡುತ್ತಿದ್ದಳು" ಅಂದರು ಆಂಟಿ. ಇಷ್ಟು ಅಡಗಿ ಬದುಕಿದವರು ಊರಿನ ವಿಷಯಕ್ಕೆ ಬಂದಾಗ ಮಾತ್ರ ಧಾರಾಳವಾಗಿ ಕೈ ಬಿಚ್ಚಿದರು.

ಮಧ್ಯಾಹ್ನ ಉತ್ತರದ ಕರವಾಸ್ ಹಳ್ಳಿ. ಇಲ್ಲಿ ನೀರಿನ ಊಟೆಗಳಿವೆ, ದೊಡ್ಡ ಮರಗಳ ನೆರಳಿದೆ. ಬೇಕರಿಯಲ್ಲಿ ಆಲಿವ್ ಎಣ್ಣೆ ಹಾಕಿ ಸುಟ್ಟ ರಸ್ಕು ಸಿಗುತ್ತದೆ, ದ್ವೀಪದ ಹೆಮ್ಮೆಯ ತಿಂಡಿ ಅದು. ಟೊಮೆಟೊ ಹಚ್ಚಿ, ಉಪ್ಪು ಉದುರಿಸಿ ತಿಂದೆವು. ನನಗೆ ಸಾಕೆನಿಸಲೇ ಇಲ್ಲ.

ದಾರಿಯುದ್ದಕ್ಕೂ ನಾನು ಮನೆಗಳನ್ನು ನೋಡುತ್ತಿದ್ದೆ. ಕಲ್ಲಿನ ಗೋಡೆ, ಕಮಾನಿನ ಬಾಗಿಲು, ನೀಲಿ ಕಿಟಕಿ. ಹತ್ತು ಮನೆಗಳಿರುವ ಓಣಿಯಲ್ಲಿ ಎರಡರಲ್ಲಿ ಜನ ಇದ್ದರೆ ಹೆಚ್ಚು. ಉಳಿದದ್ದಕ್ಕೆಲ್ಲ ಬೀಗ.

ಭಾನುವಾರ

ಪೋತಮೋಸ್‌ನಲ್ಲಿ ಭಾನುವಾರ ಸಂತೆ. ಚೌಕದಲ್ಲಿ ಇಡೀ ದ್ವೀಪವೇ ಸೇರುತ್ತದೆ. ಕಾಡು ಥೈಮ್ ಹೂವಿನ ಜೇನು, ಆಲಿವ್ ಎಣ್ಣೆಯ ಡಬ್ಬಿ, ಮೊಟ್ಟೆ, ಅಂಜೂರ. ಒಣಗಿದರೂ ಬಣ್ಣ ಬಿಡದ ಸೆಂಪ್ರೆವಿವಾ ಎಂಬ ಹಳದಿ ಹೂವಿನ ಗೊಂಚಲು. ಚಕ್ಕೆ, ಲವಂಗ ಹಾಕಿದ ಫತೂರಾದಾ ಎಂಬ ಮದ್ಯವನ್ನು ಸಣ್ಣ ಬಾಟಲಿಗಳಲ್ಲಿ ಮಾರುತ್ತಾರೆ. ಬಾಟಲಿಯ ಮುಚ್ಚಳ ತೆಗೆದರೆ ನಮ್ಮ ಮಸಾಲೆ ಡಬ್ಬದ ವಾಸನೆ.

ಆಂಟಿಯನ್ನು ಪ್ರತಿ ಹತ್ತು ಹೆಜ್ಜೆಗೆ ಯಾರಾದರೂ ನಿಲ್ಲಿಸುತ್ತಿದ್ದರು. ಕೆನ್ನೆಗೆ ಮುತ್ತು, ಕೈ ಹಿಡಿದು ಮಾತು. ನನ್ನನ್ನೂ ಸುಮ್ನೆ ಬಿಡಲಿಲ್ಲ. ಎಲ್ಲಿಯವಳು, ಗಂಡ ಏನು ಮಾಡುತ್ತಾನೆ, ಮಕ್ಕಳೆಷ್ಟು, ಎಲ್ಲಾ ವಿಚಾರಿಸಿದರು. ಬೆಂಗಳೂರು ಗೊತ್ತಿತ್ತು, ಉಡುಪಿ ಗೊತ್ತಿರಲಿಲ್ಲ. ಸಮುದ್ರ ಇದೆ, ದೇವಸ್ಥಾನ ಇದೆ, ಊರು ತುಂಬಾ ಹೋಟೆಲಿನವರು ಅಂದೆ. "ಹಾಗಾದರೆ ನಮ್ಮವಳೇ" ಅಂದರು ಒಬ್ಬ ಜೇನು ಮಾರುವ ಅಜ್ಜ.

ಸಂತೆ ಮುಗಿಸಿ ಆಂಟಿ ನನ್ನನ್ನು ಕರೆದುಕೊಂಡು ಹೋದದ್ದು ದ್ವೀಪದ ಆಸ್ಪತ್ರೆಗೆ. ಊರು ನೋಡಲು ಬಂದವರು ಯಾರೂ ಆಸ್ಪತ್ರೆ ನೋಡುವುದಿಲ್ಲ. ಆದರೆ ಈ ಪ್ರವಾಸದಲ್ಲಿ ನಾನು ಕಂಡ ಅತಿ ಮುಖ್ಯ ಕಟ್ಟಡ ಇದೇ. ಹೆಸರು ತ್ರಿಫಿಲ್ಲಿಯೋ. ನಿಕೊಲಾವೋಸ್ ತ್ರಿಫಿಲ್ಲಿಸ್ ಎಂಬ ಕಿಥಿರಾದವರು ಬಿಟ್ಟುಹೋದ ಆಸ್ತಿಯಿಂದ ಆದದ್ದು. ಪೋತಮೋಸ್‌ನಲ್ಲೇ ಕಾಸಿಮಾಟಿಯೋ ಎಂಬ ವೃದ್ಧಾಶ್ರಮವೂ ಇದೆ. ಆಸ್ಟ್ರೇಲಿಯಾದ ಸಂಘದವರೂ, ಸಿಡ್ನಿಯ ನಿಕೊಲಸ್ ಅರೋನಿ ಹೆಸರಿನ ಟ್ರಸ್ಟಿನಂಥವೂ ದ್ವೀಪಕ್ಕೆ ನೆರವು ಕೊಡುತ್ತ ಬಂದಿದ್ದಾರೆ.

ದೂರದಿಂದ ಊರಿಗೆ ದುಡ್ಡು ಕಳಿಸುವವರಿಗೆ ಒಂದು ಆಸೆ ಸಹಜ. ಕಣ್ಣಿಗೆ ಕಾಣುವಂಥದ್ದು ಏನಾದರೂ ಆಗಬೇಕು. ಮಹಾದ್ವಾರ, ಗೋಪುರ, ಅಮೃತಶಿಲೆಯ ಹಲಗೆಯಲ್ಲಿ ಹೆಸರು. ನಮ್ಮಲ್ಲೂ ನೋಡಿದ್ದೇನೆ. ದೇವಸ್ಥಾನಕ್ಕೆ ಮೂರನೇ ಸಲ ನೆಲ ಹಾಸುತ್ತಾರೆ, ಪಕ್ಕದ ಶಾಲೆಯ ಹೆಂಚು ಸೋರುತ್ತಿರುತ್ತದೆ. ಇಲ್ಲಿಯೂ ಚರ್ಚುಗಳಿಗೆ ದುಡ್ಡು ಬಂದಿದೆ, ಅದು ತಪ್ಪಲ್ಲ. ಆದರೆ ಮುದುಕರ ಹಾಸಿಗೆ, ಆಸ್ಪತ್ರೆಯ ಯಂತ್ರ, ಔಷಧಿ, ಇಂಥದ್ದಕ್ಕೆ ಕೊಡುವವರ ಮೇಲೆ ನನಗೆ ಗೌರವ ಜಾಸ್ತಿ. ಹಾಸಿಗೆ ಹಳತಾಗುತ್ತದೆ, ಯಂತ್ರ ಕೆಡುತ್ತದೆ, ಮತ್ತೆ ಕೊಡಬೇಕು. ಅದನ್ನು ನೋಡಿ ಚಪ್ಪಾಳೆ ತಟ್ಟುವವರು ಯಾರೂ ಇರುವುದಿಲ್ಲ.

ವೃದ್ಧಾಶ್ರಮದಲ್ಲಿ ಆಂಟಿಯ ದೂರದ ಸಂಬಂಧಿ ಒಬ್ಬರಿದ್ದರು. ಮಗ ಮೆಲ್ಬರ್ನಿನಲ್ಲಿ, ಮಗಳು ಅಥೆನ್ಸಿನಲ್ಲಿ. ಅವರು ಯಾವುದಕ್ಕೂ ದೂರು ಹೇಳಲಿಲ್ಲ. ಕಿಟಕಿಯಿಂದ ತನ್ನ ಹಳ್ಳಿ ಕಾಣುತ್ತದೆ ಅಂತ ತೋರಿಸಿದರು. ಇಂಥ ಜಾಗ ದ್ವೀಪದಲ್ಲಿ ಇಲ್ಲದಿದ್ದರೆ ಅವರನ್ನು ಅಥೆನ್ಸಿನ ಯಾವುದೋ ನಾಲ್ಕನೇ ಮಹಡಿಯ ಕೋಣೆಗೆ ಕಳಿಸಬೇಕಾಗುತ್ತಿತ್ತು.

ಅಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿನ ಹತ್ತಿರ ಆಂಟಿ ಗ್ರೀಕಿನಲ್ಲಿ ಕೇಳಿದರು: "ನಿಮಗೆ ಈಗ ಏನು ಬೇಕು? ಸಿಡ್ನಿಗೆ ಹೋಗಿ ಹೇಳುತ್ತೇನೆ."

ಆಕೆ ಯಂತ್ರ ಅನ್ನಲಿಲ್ಲ, ಹಾಸಿಗೆ ಅನ್ನಲಿಲ್ಲ. "ಮನೆ" ಅಂದರು.

ಆಂಟಿ ಬಿಡಿಸಿ ಹೇಳಿದ್ದು ಹೀಗೆ. ಗ್ರೀಸಿನ ಸಣ್ಣ ದ್ವೀಪಗಳಲ್ಲೆಲ್ಲ ವೈದ್ಯರ ಕೊರತೆ ಇದೆ. ಸರಕಾರ ಹುದ್ದೆ ಕರೆದರೂ ಬರುವವರು ಕಡಿಮೆ. ಬಂದವರಿಗೂ ಇರಲು ಮನೆ ಸಿಗುವುದಿಲ್ಲ. ಇರುವ ಬಾಡಿಗೆ ಮನೆಗಳನ್ನು ಬೇಸಿಗೆಯಲ್ಲಿ ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಕೊಡುತ್ತಾರೆ. ಶಾಲೆಗೆ ಬರುವ ಮೇಷ್ಟ್ರುಗಳದ್ದೂ ಅದೇ ಗೋಳು. ಅಷ್ಟು ಮನೆಗಳಿಗೆ ಬೀಗ ಬಿದ್ದಿರುವ ಊರಿನಲ್ಲಿ ವೈದ್ಯರಿಗೆ ಮನೆ ಇಲ್ಲ!

ಆ ಮಾತು ಕೇಳಿದ ಮೇಲೆ ಆಂಟಿ ಕಾರಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ.

ಸೋಮವಾರ

ದ್ವೀಪದ ರಾಜಧಾನಿ ಹೋರಾ ದಕ್ಷಿಣದ ತುದಿಯಲ್ಲಿದೆ. ದಾರಿಯಲ್ಲಿ ಲಿವಾದಿಯ ಹತ್ತಿರ ಕತೂನಿ ಸೇತುವೆ. ಕಲ್ಲಿನದು, 13 ಕಮಾನು, 110 ಮೀಟರ್ ಉದ್ದ. 1826ರಲ್ಲಿ ಬ್ರಿಟಿಷರ ಆಡಳಿತದಲ್ಲಿ ಕಟ್ಟಿದ್ದು. ಕೆಳಗೆ ಹರಿಯುವುದು ಒಂದು ಸಣ್ಣ ಹಳ್ಳ ಅಷ್ಟೆ. ಇಷ್ಟು ದೊಡ್ಡ ಸೇತುವೆ ಯಾಕೆ ಬೇಕಿತ್ತೋ ಅಂತ ಎಲ್ಲರೂ ಕೇಳುತ್ತಾರಂತೆ.

ಕಿಥಿರಾ ಶತಮಾನಗಳ ಕಾಲ ಇಟಲಿಯ ವೆನಿಸ್ ಕೈಯಲ್ಲಿತ್ತು. 1809ರಲ್ಲಿ ಬ್ರಿಟಿಷರು ಬಂದರು. 1864ರಲ್ಲಿ ಗ್ರೀಸಿಗೆ ಸೇರಿತು. ಹೋರಾದ ಕೋಟೆ ವೆನಿಸಿನವರದ್ದು. 1503ರ ಕಾಲದ್ದು. ಮೂರು ಕಡಲು ಸೇರುವ ಜಾಗದಲ್ಲಿ ಹೋಗಿ ಬರುವ ಎಲ್ಲ ಹಡಗುಗಳ ಮೇಲೆ ಇಲ್ಲಿಂದ ಕಣ್ಣಿಡಬಹುದಿತ್ತು. ಅದಕ್ಕೇ ಅವರು ಈ ದ್ವೀಪವನ್ನು 'ಕ್ರೀಟಿನ ಕಣ್ಣು' ಅನ್ನುತ್ತಿದ್ದರು. ಕ್ರೀಟ್ ಅಂದರೆ ಇದರ ದಕ್ಷಿಣಕ್ಕಿರುವ ದೊಡ್ಡ ದ್ವೀಪ. ಕೆಳಗೆ ಕಪ್ಸಾಲಿಯ ಜೋಡಿ ಕೊಲ್ಲಿ, ಆಚೆ ನೀರಿನಿಂದ ಎದ್ದು ನಿಂತ ಹೀತ್ರಾ ಬಂಡೆ. ಪ್ರೀತಿಯ ದೇವತೆ ಅಫ್ರೊದಿತೆ ಈ ಕಡಲಿನ ನೊರೆಯಿಂದ ಹುಟ್ಟಿದಳು ಅನ್ನುವುದು ಗ್ರೀಕರ ಪುರಾಣ. ಸೈಪ್ರಸಿನವರೂ ಅವಳು ನಮ್ಮವಳು ಅನ್ನುತ್ತಾರೆ.

ಹೋರಾದಲ್ಲಿ ನನಗೆ ನೋಡಬೇಕಿದ್ದದ್ದು ಹಳೇ ದಾಖಲೆಗಳ ಭಂಡಾರ. 16ನೇ ಶತಮಾನದಿಂದ ಈಚಿನ ಕಾಗದಗಳು ಇಲ್ಲಿವೆ. ವೆನಿಸಿನವರು ಕಾಗದಪತ್ರ ಬರೆದಿಡುವುದರಲ್ಲಿ ಗಟ್ಟಿಗರು. ಆಸ್ತಿ ಪಾಲು, ವರದಕ್ಷಿಣೆ, ಸಾಲ, ಜಗಳ, ಎಲ್ಲಾ ಉಳಿದಿದೆ. ಬೇಸಿಗೆಯಲ್ಲಿ ಆಸ್ಟ್ರೇಲಿಯಾದ ಹುಡುಗ ಹುಡುಗಿಯರು ಬಂದು ಮುತ್ತಜ್ಜನ ಹೆಸರು ಹುಡುಕುತ್ತಾರೆ. ಗ್ರೀಕ್ ಓದಲು ಬಾರದಿದ್ದರೂ ಆ ಹೆಸರಿನ ಅಕ್ಷರಗಳನ್ನು ಕಲಿತು ಬಂದಿರುತ್ತಾರಂತೆ.

ಮ್ಯೂಸಿಯಮ್ಮೂ ನೋಡಿದೆವು. 2006ರ ಜನವರಿಯ ದೊಡ್ಡ ಭೂಕಂಪದಲ್ಲಿ ಕಟ್ಟಡ ಬಿರುಕು ಬಿಟ್ಟು ಮುಚ್ಚಿತ್ತು. ಮತ್ತೆ ತೆರೆದದ್ದು 2016ರಲ್ಲಿ. ಅಮೃತಶಿಲೆಯ ಒಂದು ಹಳೇ ಸಿಂಹ ಅಲ್ಲಿದೆ, ಮುಖ ಸವೆದು ಹೋಗಿದ್ದರೂ ಠೀವಿ ಹೋಗಿಲ್ಲ.

ಊಟಕ್ಕೆ ಕೂತಾಗ ಆಂಟಿ ಕೊನೆಗೂ ಅಜ್ಜನ ಮನೆಯ ವಿಷಯ ಹೇಳಿದರು. ಅಜ್ಜನಿಗೆ ಏಳು ಮಕ್ಕಳು. ಐವರು ಆಸ್ಟ್ರೇಲಿಯಾಕ್ಕೆ ಹೋದರು. ಮನೆ ಪಾಲಾಗಲೇ ಇಲ್ಲ. ಈಗ ಮೂರನೇ ತಲೆಮಾರು. ವಾರಸುದಾರರು ಸಿಡ್ನಿ, ಬ್ರಿಸ್ಬೇನ್, ಅಥೆನ್ಸಿನಲ್ಲಿ ಹರಡಿದ್ದಾರೆ. ಯಾರೂ ಮಾರುವುದಿಲ್ಲ, ಯಾರೂ ಇರುವುದಿಲ್ಲ, ಒಬ್ಬರು ಸಹಿ ಹಾಕಿದರೆ ಇನ್ನೊಬ್ಬರು ಹಾಕುವುದಿಲ್ಲ. "ಆಸ್ಪತ್ರೆಗೆ ಅಂತ ನಾನು ಎಷ್ಟು ವರ್ಷ ಲಾಟರಿ ಟಿಕೆಟ್ ಮಾರಿದ್ದೇನೆ. ಈ ಮನೆ ಮಾತ್ರ ನೆನಪಾಗಲಿಲ್ಲ ನೋಡು" ಅಂದರು.

ನನಗೆ ನಮ್ಮ ಕಡೆಯ ತರವಾಡು ಮನೆಗಳು, ಕುಟುಂಬದ ಮೂಲಮನೆಗಳು, ಕಣ್ಣಮುಂದೆ ಬಂದವು. ವರ್ಷಕ್ಕೊಮ್ಮೆ ಕೋಲ, ತಂಬಿಲ ಅಂತ ಮುಂಬೈ, ಬೆಂಗಳೂರು, ದುಬೈಯಿಂದ ಎಲ್ಲರೂ ಬರುತ್ತಾರೆ. ಸುಣ್ಣ ಬಳಿಯುತ್ತಾರೆ, ಚಪ್ಪರ ಹಾಕುತ್ತಾರೆ. ಮೂರನೇ ದಿನ ಬೀಗ. ಊರಿನ ಅಂಗನವಾಡಿ ಟೀಚರ್ ಬಾಡಿಗೆ ಮನೆ ಸಿಗದೆ ಬಸ್ಸಿನಲ್ಲಿ ಓಡಾಡುತ್ತಿರುತ್ತಾರೆ.

ಮಂಗಳವಾರ, 24 ಸೆಪ್ಟೆಂಬರ್

ಹಬ್ಬದ ದಿನ. ಮಿರ್ತಿಡಿಯಾ ಮಠ ದ್ವೀಪದ ಪಶ್ಚಿಮ ದಂಡೆಯಲ್ಲಿ, ಸಮುದ್ರಕ್ಕೆ ಇಳಿಯುವ ಗುಡ್ಡದ ಮೇಲಿದೆ. ದ್ವೀಪದ ಈ ಕಡೆಗೆ 2017ರ ಆಗಸ್ಟಿನಲ್ಲಿ ದೊಡ್ಡ ಕಾಡ್ಗಿಚ್ಚು ಬಿದ್ದಿತ್ತು. ಈಗ ಪೊದೆ ಚಿಗುರಿದೆ, ಮರ ಬೆಳೆಯಲು ಇನ್ನೂ ಕಾಲ ಬೇಕು.

ಕತೆ ಹೀಗಿದೆ. ಒಬ್ಬ ಕುರಿ ಕಾಯುವವನಿಗೆ ಮಿರ್ಟಲ್ ಪೊದೆಯ ನಡುವೆ ಮಾತೆ ಮರಿಯಳ ಚಿತ್ರ ಸಿಕ್ಕಿತು. ಮನೆಗೆ ಒಯ್ದ. ಬೆಳಗಾಗುವಾಗ ಅದು ಮಾಯವಾಗಿ ಮತ್ತೆ ಅದೇ ಪೊದೆಗೆ ಬಂದಿತ್ತು. ಹಾಗಾಗಿ ಅಲ್ಲೇ ಗುಡಿ ಕಟ್ಟಿದರು. ಹೊಲದಲ್ಲಿ ಲಿಂಗ ಸಿಕ್ಕಿತು, ಬೇರೆಡೆಗೆ ಒಯ್ದರೆ ಗಾಡಿ ಮುಂದೆ ಹೋಗಲಿಲ್ಲ ಅನ್ನುವ ಕತೆಗಳನ್ನು ಕೇಳಿ ಬೆಳೆದ ನನಗೆ ಇದನ್ನು ನಂಬಲು ಕಷ್ಟವೇನೂ ಆಗಲಿಲ್ಲ. ಚಿತ್ರದಲ್ಲಿ ತಾಯಿ ಮಗು ಇಬ್ಬರ ಮುಖವೂ ಕಪ್ಪು. ಸುತ್ತ ಚಿನ್ನದ ಹೊದಿಕೆ. ಕಾಲು ಬಾರದ ಒಬ್ಬನಿಗೆ ಇದೇ ದಿನ ಕಾಲು ಬಂತು ಅನ್ನುವುದರ ನೆನಪಿಗೆ ಈ ಹಬ್ಬ.

ಜನವೋ ಜನ. ಮಠದ ಸುತ್ತ ಯಾತ್ರಿಕರು ಉಳಿಯಲು ಸಾಲು ಕೋಣೆಗಳಿವೆ, ಎಲ್ಲಾ ತುಂಬಿದ್ದವು. ಬೆಳಗಿನ ಪೂಜೆ ಮುಗಿದ ಮೇಲೆ ಚಿತ್ರವನ್ನು ಹೊತ್ತು ಮೆರವಣಿಗೆ ಹೊರಟಿತು. ಕಪ್ಪು ನಿಲುವಂಗಿಯ ಪಾದ್ರಿಗಳು, ನಾವಿಕರ ಉಡುಪಿನವರು, ಕೈಯಲ್ಲಿ ಮಗು ಎತ್ತಿಕೊಂಡ ಅಪ್ಪಂದಿರು. ಚಿತ್ರ ಹಾದುಹೋಗುವಾಗ ಜನ ಬಾಗಿ ಅದರ ಕೆಳಗೆ ದಾಟಿದರು. ಆಂಟಿ ನನ್ನ ಕೈ ಹಿಡಿದು ಬಾಗಿದರು, ನಾನೂ ಬಾಗಿದೆ.

ಈಸ್ಟರ್ ಆದ ಮೇಲೆ ಇದೇ ಚಿತ್ರವನ್ನು ಹೊತ್ತು ಇಡೀ ದ್ವೀಪ ಕಾಲ್ನಡಿಗೆಯಲ್ಲಿ ಸುತ್ತುತ್ತಾರೆ, ಹಳ್ಳಿ ಹಳ್ಳಿಗೆ. ಬೀಗ ಹಾಕಿದ ಮನೆಗಳ ಓಣಿಯಲ್ಲೂ ಹೋಗುತ್ತದಂತೆ.

ಹೊರಗೆ ಮರದ ಕೆಳಗೆ ಸಿಡ್ನಿಯವರ ಒಂದು ಗುಂಪು ಸೇರಿತ್ತು. ಅಲ್ಲಿ ಆಂಟಿ ವೈದ್ಯರ ಮನೆಯ ಮಾತು ತೆಗೆದರು. ಒಬ್ಬರು, ಸಂಘವೇ ಒಂದು ಹೊಸ ಮನೆ ಕಟ್ಟಿಸಲಿ, ಅದಕ್ಕೊಂದು ನಿಧಿ ಮಾಡೋಣ ಅಂದರು. ಇನ್ನೊಬ್ಬರು, ಹೊಸತು ಯಾಕೆ, ಇಲ್ಲಿ ಕೂತಿರುವ ಪ್ರತಿಯೊಬ್ಬರಿಗೂ ಒಂದೊಂದು ಮುಚ್ಚಿದ ಮನೆ ಇದೆ ಅಂದರು. ಅದಕ್ಕೆ ಮೂರನೆಯವರು, ಮನೆ ಕೊಟ್ಟರೆ ನಾವು ಬಂದಾಗ ಎಲ್ಲಿ ಇಳಿಯುವುದು ಅಂದರು. ಆ ಪ್ರಶ್ನೆ ಸುಳ್ಳಲ್ಲ. ಎರಡು ವರ್ಷಕ್ಕೊಮ್ಮೆ ಮೂರು ವಾರ ಬರುವ ಆ ಮನೆಗಾಗಿಯೇ ಅವರು ಅಲ್ಲಿ ಹಗಲಿರುಳು ದುಡಿದಿದ್ದಾರೆ. ಆದರೂ ನನ್ನ ಮನಸ್ಸು ಎರಡನೆಯವರ ಕಡೆಗೇ ಇತ್ತು. ಕಳಿಸುವ ದುಡ್ಡಿಗಿಂತ ಬಿಟ್ಟುಕೊಡುವ ಬೀಗದ ಕೈ ಈಗ ಹೆಚ್ಚು ಉಪಕಾರ ಮಾಡೀತು.

ಬುಧವಾರ

ಮಿಲೊಪೊತಮೋಸ್ ಹಳ್ಳಿಗೆ ಹೋಗಿದ್ದೆವು. ಹಳೇ ನೀರಿನ ಗಿರಣಿಗಳು, ಮರಗಳ ಕೆಳಗೆ ಒಂದು ಜಲಪಾತ. ಬೇಸಿಗೆ ಕಳೆದು ನೀರು ತೆಳ್ಳಗಾಗಿತ್ತು. ಪಕ್ಕದ ಕಾತೋ ಹೋರಾದ ಪಾಳುಕೋಟೆಯ ಬಾಗಿಲ ಮೇಲೆ ವೆನಿಸಿನ ರೆಕ್ಕೆಯ ಸಿಂಹ ಇನ್ನೂ ಇದೆ. ಹಬ್ಬ ಮುಗಿಸಿದ ಕಾರುಗಳೆಲ್ಲ ಬಂದರಿನ ಕಡೆ ಹೋಗುತ್ತಿದ್ದವು. ಊಟದ ಅಂಗಡಿಯವರು ಹೊರಗಿನ ಮೇಜುಗಳನ್ನು ಒಳಗೆ ಸೇರಿಸುತ್ತಿದ್ದರು.

ಗುರುವಾರ

ಇಂದು ಹಡಗಿಲ್ಲ. ರಾತ್ರಿಯಿಂದ ಗಾಳಿ. ಗಾಳಿ ಮಿತಿ ಮೀರಿದರೆ ಬಂದರಿನವರು ಹಡಗು ಬಿಡುವುದಿಲ್ಲ. ಹತ್ತಿರದ ಮಲೆಯಾ ಭೂಶಿರದ ಸಮುದ್ರಕ್ಕೆ ಹಿಂದಿನಿಂದಲೂ ಕೆಟ್ಟ ಹೆಸರು. ದ್ವೀಪದವರಿಗೆ ಇದು ಮಾಮೂಲಿ. ಅಂಗಡಿಯಲ್ಲಿ ಪೇಪರ್ ಬಂದಿರಲಿಲ್ಲ, ತರಕಾರಿ ಕಡಿಮೆ ಇತ್ತು. ಯಾರೂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ.

ಮಧ್ಯಾಹ್ನ ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿಯ ಅಣ್ಣನಿಗೆ ಎದೆನೋವು ಬಂತು. ಹತ್ತೇ ನಿಮಿಷದಲ್ಲಿ ಪೋತಮೋಸ್ ಆಸ್ಪತ್ರೆಗೆ ಮುಟ್ಟಿಸಿದರು. ನಾವೂ ಹಿಂದೆ ಹೋದೆವು. ಕಾರಿಡಾರಿನಲ್ಲಿ ಕಾದು ಕೂತಾಗ ಯಜಮಾನಿ ಹೇಳುತ್ತಾ ಹೋದರು. ಇಲ್ಲಿ ಆಗದ ಕಾಯಿಲೆಗೆ ಅಥೆನ್ಸಿಗೆ ಹೋಗಬೇಕು. ತುಂಬಾ ಗಂಭೀರ ಆದರೆ ಹೆಲಿಕಾಪ್ಟರ್. ಗಾಳಿ ತೀರಾ ಜೋರಿದ್ದರೆ ಅದೂ ಬರುವುದಿಲ್ಲ. ಆಗ ಇರುವುದು ಈ ಆಸ್ಪತ್ರೆ, ಈ ಒಬ್ಬರೋ ಇಬ್ಬರೋ ವೈದ್ಯರು, ಅಷ್ಟೆ. ಆಗಸ್ಟಿನಲ್ಲಿ ಬಂದು ಹೋಗುವವರಿಗೆ ಇದು ಗೊತ್ತಾಗುವುದಿಲ್ಲ, ಜನವರಿಯಲ್ಲಿ ಬಂದು ಒಂದು ತಿಂಗಳು ಇದ್ದು ನೋಡಬೇಕು ಅಂದರು.

ವಿಮಾನ ನಿಲ್ದಾಣದ ವಿಷಯವೂ ಬಂತು. 1970ರ ದಶಕದ ಶುರುವಿನದು. ಊರಿನವರೂ ಹೊರಗೆ ಹೋದವರೂ ದುಡ್ಡು ಹಾಕಿ, ಮೈಮುರಿದು ದುಡಿದು ಮಾಡಿಕೊಂಡದ್ದು ಅಂತ ಇಲ್ಲಿನವರು ಎದೆಯುಬ್ಬಿಸಿ ಹೇಳುತ್ತಾರೆ. ಇದೇ ಯಜಮಾನಿಯ ಅಪ್ಪ ಅಲ್ಲಿ ಕಲ್ಲು ಹೊತ್ತಿದ್ದರಂತೆ. ಹೀಗೆ ಒಟ್ಟಾಗಿ ಕೆಲಸ ಮಾಡುವ ಅಭ್ಯಾಸ ದ್ವೀಪಕ್ಕೆ ಹೊಸದಲ್ಲ. ಊರಿಗೆಲ್ಲ ಸೇರಿದ ಆಸ್ತಿಯನ್ನು ನೋಡಿಕೊಳ್ಳಲು ಹಳೇ ಕಾಲದಿಂದ ಒಂದು ಸಮಿತಿಯೇ ಇದೆ. ಗ್ರೀಸಿನ ಬೇರೆ ಕಡೆ ಇಂಥದ್ದು ಅಪರೂಪ.

ಸಂಜೆ ವೈದ್ಯೆ ಹೊರಗೆ ಬಂದು, ಗಾಬರಿ ಬೇಡ, ಹೃದಯದ ತೊಂದರೆ ಅಲ್ಲ, ರಾತ್ರಿ ಇಲ್ಲೇ ಇರಲಿ ಅಂದರು. ಮೂವತ್ತರೊಳಗಿನ ಹುಡುಗಿ. ಉತ್ತರ ಗ್ರೀಸಿನವಳು. ಆಂಟಿ ಅವಳನ್ನು ಬಿಡಲಿಲ್ಲ. ಎಲ್ಲಿ ಇದ್ದೀಯ, ಬಾಡಿಗೆ ಎಷ್ಟು, ಮನೆ ಬೆಚ್ಚಗಿದೆಯಾ ಅಂತ ಒಂದೊಂದೇ ಕೇಳಿದರು. ಅವಳು ಇರುವುದು ಒಂದು ಪ್ರವಾಸಿ ಕೋಣೆಯಲ್ಲಿ. ಮೇ ಬಂದರೆ ಖಾಲಿ ಮಾಡಬೇಕು. ಆಮೇಲೆ? "ನೋಡಬೇಕು" ಅಂದಳು. ಮೇ ಆದ ಮೇಲೆ ಅವಳು ಈ ದ್ವೀಪದಲ್ಲಿ ಉಳಿಯುತ್ತಾಳೋ ಇಲ್ಲವೋ ಅನ್ನುವುದು ಒಂದು ಮನೆಯ ಮೇಲೆ ನಿಂತಿದೆ.

ಶುಕ್ರವಾರ

ಗಾಳಿ ಇಳಿಯಿತು. ಹಡಗು ಹೊರಡುವುದು ಮಧ್ಯಾಹ್ನ. ಬೆಳಿಗ್ಗೆ ಆಂಟಿ ನನ್ನನ್ನು ಅಜ್ಜನ ಮನೆಗೆ ಕರೆದುಕೊಂಡು ಹೋದರು. ಬೀಗದ ಕೈ ಪಕ್ಕದ ಮನೆಯ ಅಜ್ಜಿಯ ಹತ್ತಿರ ಇತ್ತು. ಒಳಗೆ ದೂಳು, ಗೋಡೆಯಲ್ಲಿ ಒಂದೆರಡು ಕಡೆ ತೇವ. ಆದರೆ ಮಾಡು ಗಟ್ಟಿಯಿದೆ. ಮೂರು ಕೋಣೆ, ಬಾವಿ, ಅಂಗಳದಲ್ಲಿ ನಿಂಬೆ ಗಿಡ. ಆಸ್ಪತ್ರೆಗೆ ಕಾರಿನಲ್ಲಿ ಐದು ನಿಮಿಷ. ನಾನು ಫೋಟೋ ತೆಗೆದೆ, ಆಂಟಿ ಸಣ್ಣ ಪುಸ್ತಕದಲ್ಲಿ ಬರೆದುಕೊಂಡರು: ವಿದ್ಯುತ್ ತಂತಿ ಬದಲಿಸಬೇಕು, ಬಚ್ಚಲು ಹೊಸದು, ಒಲೆ, ಎರಡು ಕಿಟಕಿ. ಲೆಕ್ಕ ಹಾಕಿದರೆ ದೊಡ್ಡ ಮೊತ್ತವೇನಲ್ಲ. ಕಷ್ಟ ಇರುವುದು ದುಡ್ಡಿನಲ್ಲಿ ಅಲ್ಲ, ಸಹಿಯಲ್ಲಿ.

ಹಡಗಿನಲ್ಲಿ ಕೂತವರೇ ಆಂಟಿ ಫೋನ್ ತೆಗೆದರು. ಬ್ರಿಸ್ಬೇನಿನಲ್ಲಿ ಆಗ ರಾತ್ರಿ. ಮೊದಲು ಸಿಕ್ಕವರು ದೊಡ್ಡಪ್ಪನ ಮಗ. ಹಬ್ಬ ಹೇಗಾಯಿತು, ಯಾರು ಬಂದಿದ್ದರು, ಯಾರು ತೀರಿಕೊಂಡರು ಅಂತೆಲ್ಲ ಮುಗಿದ ಮೇಲೆ ಆಂಟಿ ವಿಷಯಕ್ಕೆ ಬಂದರು. ಐದು ವರ್ಷಕ್ಕೆ ವೈದ್ಯರಿಗೆ ಕೊಡೋಣ, ಬಾಡಿಗೆ ಬೇಡ, ರಿಪೇರಿ ನಾವು ಮಾಡಿಸೋಣ, ಆಸ್ತಿ ನಮ್ಮದೇ ಇರುತ್ತದೆ. ಆ ಕಡೆಯಿಂದ ಬಹಳ ಹೊತ್ತು ಏನೋ ಮಾತು. ಆಂಟಿ ಸ್ಪೀಕರ್ ಹಾಕಿದರು.

"ನಾನು ಸಹಿ ಹಾಕುತ್ತೇನೆ ಅಕ್ಕ. ಆದರೆ ಅಥೆನ್ಸಿನವಳನ್ನು ಒಪ್ಪಿಸುವುದು ನಿನ್ನ ಕೆಲಸ. ಅವಳು ನನ್ನ ಫೋನ್ ಎತ್ತುವುದಿಲ್ಲ."

"ನನ್ನದೂ ಎತ್ತುವುದಿಲ್ಲ" ಅಂದರು ಆಂಟಿ. "ಅದಕ್ಕೇ ನಾಳೆ ಅವಳ ಮನೆಗೇ ಹೋಗುತ್ತಿದ್ದೇನೆ."